ಮರಿಯ ಕಣ್ಣು ಚೆನ್ನಾಗೇ ಇದೆ, ಆದ್ರೂ ಕಾಣಲ್ಲ ಅಂದ್ರೆ ಹೇಗೆ?

ಪ್ರಶ್ನೆ: ಸರ್, ನಮ್ಮನೆ ಬೆಕ್ಕಿನ ಮರಿ ಒಂದಕ್ಕೆ ನಾಲ್ಕನೇ ವಾರದ ಹೊತ್ತಿಗೆ ಶೀತ ಆಗಿ ಬಲಗಣ್ಣಲ್ಲಿ ಕೀವು ತುಂಬಿ ರೆಪ್ಪೆ ಅಂಟ್ಕೊಂಡುಬಿಡ್ತು. ತಾನಾಗೇ ಬಿಡತ್ತೆ ಅಂತ ಸುಮ್ನಿದ್ವಿ, ವೆಟರಿನರಿ ಡಾಕ್ಟರ್ ಹತ್ರ ಹೋಗಿ ಬಿಡಿಸೋ ಹೊತ್ತಿಗೆ ಏಳು ವಾರ. ಈಗ ಮರಿಗೆ ಮೂರೂವರೆ ತಿಂಗಳು. ಕಣ್ಣು ಫಳಫಳ ಅಂತಿದೆ, ಟಾರ್ಚ್ ಬಿಟ್ರೆ ಪಾಪೆ ಸಣ್ಣಗಾಗತ್ತೆ, ಆದ್ರೆ ಎಡಗಣ್ಣು ಕೈಯಲ್ಲಿ ಮುಚ್ಚಿದ್ರೆ ಕುರ್ಚಿ ಕಾಲಿಗೆ ಹೋಗಿ ಹೊಡ್ಕೊಳತ್ತೆ. ಕಣ್ಣು ಸರಿ ಇದ್ದು ಕಾಣದೇ ಇರೋದು ಹೇಗೆ? ಇನ್ನೊಂದು ವಿಷಯ, ನಮ್ಮಕ್ಕನ ಮಗನಿಗೆ ಐದು ವರ್ಷ, ಒಂದು ಕಣ್ಣು ಮಂದ ಅಂತ ಡಾಕ್ಟರು ಚೆನ್ನಾಗಿರೋ ಕಣ್ಣಿಗೇ ಪ್ಯಾಚ್ ಹಾಕೋಕೆ ಹೇಳಿದ್ದಾರೆ. ಮನೇಲಿ ಅಜ್ಜಿ ಒಪ್ತಿಲ್ಲ. ಇವೆರಡಕ್ಕೂ ಏನಾದ್ರೂ ಸಂಬಂಧ ಇದ್ಯಾ?

ಉತ್ತರ:

ಸಂಬಂಧ ಇದೆ, ಹತ್ತಿರದ್ದೇ ಇದೆ. ನಿಮ್ಮ ಅಕ್ಕನ ಮಗನಿಗೆ ಪ್ಯಾಚ್ ಹಾಕೋದು ಯಾಕೆ ಕೆಲಸ ಮಾಡತ್ತೆ ಅನ್ನೋದು ನಮಗೆ ಸರಿಯಾಗಿ ಅರ್ಥ ಆಗಿದ್ದೇ ಬೆಕ್ಕಿನ ಮರಿಗಳಿಂದ.

ಮೊದಲು ಟಾರ್ಚ್ ವಿಷಯ ಮುಗಿಸೋಣ, ಯಾಕಂದ್ರೆ ತುಂಬಾ ಜನ ಅಲ್ಲೇ ಮೋಸ ಹೋಗೋದು. ಬೆಳಕು ಬಿದ್ದಾಗ ಪಾಪೆ ಸಣ್ಣಗಾದ್ರೆ ಗೊತ್ತಾಗೋದು ಇಷ್ಟೇ, ರೆಟಿನಾ, ಅಂದ್ರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯೋ ಪರದೆ, ಕೆಲಸ ಮಾಡ್ತಿದೆ, ಕಣ್ಣಿನ ನರ ಸರಿ ಇದೆ, ಮೆದುಳಿನ ಕಾಂಡದಲ್ಲಿರೋ ಒಂದು ಸಣ್ಣ ಸರ್ಕ್ಯೂಟ್ ಸರಿ ಇದೆ. ಆದ್ರೆ ಏನು ಕಾಣ್ತಿದೆ ಅಂತ ಗುರುತಿಸೋ ಕೆಲಸ ನಡಿಯೋದು ತಲೆ ಹಿಂಭಾಗದ ವಿಷುಯಲ್ ಕಾರ್ಟೆಕ್ಸ್‌ನಲ್ಲಿ, ಪಾಪೆಯನ್ನ ಸಣ್ಣ ಮಾಡೋ ದಾರಿ ಅಲ್ಲಿಗೆ ಹೋಗೋದೇ ಇಲ್ಲ. ಹಾಗಾಗಿ ಕಾರ್ಟೆಕ್ಸ್ ಆ ಕಣ್ಣನ್ನ ಪೂರ್ತಿ ಕೈಬಿಟ್ಟಿದ್ರೂ ಟಾರ್ಚ್ ಪರೀಕ್ಷೆ ಪಾಸಾಗತ್ತೆ. ನಿಮ್ಮ ಮರಿಯಲ್ಲಿ ಆಗಿರೋದು ಬಹುಶಃ ಇದೇ.

ಇದನ್ನ ಕಂಡುಹಿಡಿದವರು ಇಬ್ಬರು, ಕೆನಡಾದಲ್ಲಿ ಹುಟ್ಟಿದ ಡೇವಿಡ್ ಹ್ಯೂಬೆಲ್ ಮತ್ತೆ ಸ್ವೀಡನ್‌ನ ಟಾರ್ಸ್ಟನ್ ವೀಸೆಲ್. 1958ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೊತೆಯಾದ್ರು, ಮುಂದಿನ ವರ್ಷ ಹಾರ್ವರ್ಡ್‌ಗೆ ಹೋದ್ರು. ಅರಿವಳಿಕೆ ಕೊಟ್ಟ ಬೆಕ್ಕಿನ ಕಾರ್ಟೆಕ್ಸ್‌ಗೆ ಕೂದಲಿಗಿಂತ ಸಣ್ಣ ತುದಿಯ ಎಲೆಕ್ಟ್ರೋಡ್ ಇಳಿಸಿ ಒಂದೊಂದೇ ನರಕೋಶದ ಸಿಗ್ನಲ್ಲನ್ನ ಸ್ಪೀಕರ್‌ಗೆ ಕನೆಕ್ಟ್ ಮಾಡ್ತಿದ್ರು, ಕೋಶ ಮಿಡಿದಾಗೆಲ್ಲ ಸ್ಪೀಕರ್‌ನಲ್ಲಿ ಟಪ್ ಟಪ್ ಅಂತ ಕೇಳೋದು. ಎದುರಿನ ಪರದೆ ಮೇಲೆ ಚುಕ್ಕೆಗಳನ್ನ ತೋರಿಸಿದ್ರು, ಬಿಳಿ ಚುಕ್ಕೆ, ಕಪ್ಪು ಚುಕ್ಕೆ, ಗಂಟೆಗಟ್ಟಲೆ ತೋರಿಸಿದ್ರೂ ಆ ಕೋಶ ಸರಿಯಾಗಿ ಬಾಯೇ ಬಿಡ್ಲಿಲ್ಲ, ಕೊನೆಗೆ ಪ್ರೊಜೆಕ್ಟರ್‌ಗೆ ಗಾಜಿನ ಸ್ಲೈಡ್ ತುರುಕೋವಾಗ ಸ್ಲೈಡ್ ಅಂಚಿನ ತೆಳು ನೆರಳು ಪರದೆ ಮೇಲೆ ಹಾದುಹೋಯ್ತು ನೋಡಿ, ಸ್ಪೀಕರ್ ಒಂದೇ ಸಮ ಪಟಪಟ ಅಂತ ಸಿಡಿಯೋಕೆ ಶುರುವಾಯ್ತು. ಆ ಕೋಶಕ್ಕೆ ಬೇಕಾಗಿದ್ದು ಚುಕ್ಕೆ ಅಲ್ಲ, ಒಂದು ನಿರ್ದಿಷ್ಟ ಓರೆಯಲ್ಲಿರೋ ಗೆರೆ. ಬೇರೆ ಕೋಶಕ್ಕೆ ಬೇರೆ ಓರೆ. ಇನ್ನೊಂದು ವಿಷಯನೂ ಗೊತ್ತಾಯ್ತು, ಮಾಮೂಲಿ ಬೆಕ್ಕಿನಲ್ಲಿ ಇಂಥ ಕೋಶಗಳಲ್ಲಿ ಐದರಲ್ಲಿ ನಾಲ್ಕು ಭಾಗ ಎರಡೂ ಕಣ್ಣಿನ ಮಾತು ಕೇಳ್ತವೆ, ಕೆಲವಕ್ಕೆ ಎಡದ ಮೇಲೆ ಒಲವು ಜಾಸ್ತಿ, ಕೆಲವಕ್ಕೆ ಬಲದ ಮೇಲೆ, ಅಷ್ಟೇ ವ್ಯತ್ಯಾಸ.

ಅವರಿಗೆ ಮುಂದಿನ ಯೋಚನೆ ಬಂದಿದ್ದು ಮಕ್ಕಳ ಕಣ್ಣಿನ ಪೊರೆಯಿಂದ. ದೊಡ್ಡವರಿಗೆ ಪೊರೆ ಬಂದ್ರೆ ಹತ್ತು ವರ್ಷ ಬಿಟ್ಟು ಆಪರೇಷನ್ ಮಾಡಿದ್ರೂ ಚೆನ್ನಾಗಿ ಕಾಣತ್ತೆ, ಹುಟ್ಟುತ್ತಲೇ ಪೊರೆ ಇದ್ದ ಮಗುವಿಗೆ ತಡವಾಗಿ ತೆಗೆದ್ರೆ ಕಣ್ಣು ಸ್ವಚ್ಛ ಆದ್ರೂ ನೋಟ ಬರಲ್ಲ, ಇದು ಡಾಕ್ಟರುಗಳಿಗೆ ಬಹಳ ಹಿಂದಿನಿಂದ ಗೊತ್ತಿತ್ತು, ಕಾರಣ ಗೊತ್ತಿರ್ಲಿಲ್ಲ. ಹಾಗಾಗಿ ಇವರು ಮರಿಗಳ ಕಣ್ಣು ಬಿಡೋ ಹೊತ್ತಲ್ಲೇ ಒಂದು ಕಣ್ಣಿನ ರೆಪ್ಪೆ ಹೊಲಿದು, ಎರಡು ಮೂರು ತಿಂಗಳಾದ ಮೇಲೆ ಬಿಚ್ಚಿ ಕಾರ್ಟೆಕ್ಸ್‌ನಲ್ಲಿ ಕೇಳಿಸ್ಕೊಂಡ್ರು. 1963ರಲ್ಲಿ ಬಂದ ರಿಸಲ್ಟ್ ನೋಡಿದ್ರೆ ಈಗ್ಲೂ ಗಾಬರಿ ಆಗತ್ತೆ. ಪರೀಕ್ಷೆ ಮಾಡಿದ ಕೋಶಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ತೆರೆದಿದ್ದ ಕಣ್ಣಿಗೆ ಮಾತ್ರ ಉತ್ತರ ಕೊಡ್ತಿದ್ವು, ಮುಚ್ಚಿದ್ದ ಕಣ್ಣಿಗೆ ಕೇಳೋರೇ ಇಲ್ಲ. ಒಳ್ಳೆ ಕಣ್ಣನ್ನ ಮುಚ್ಚಿದ್ರೆ ಮರಿ ಕುರುಡಿನ ಹಾಗೆ ಓಡಾಡ್ತಿತ್ತು, ನಿಮ್ಮನೆ ಕುರ್ಚಿ ಕಾಲಿನ ಕಥೇನೇ.

ಮಜಾ ಅಂದ್ರೆ ಕಣ್ಣಲ್ಲಿ ದೋಷ ಇರ್ಲಿಲ್ಲ. ರೆಟಿನಾ ಸರಿ. ರೆಟಿನಾದಿಂದ ಕಾರ್ಟೆಕ್ಸ್‌ಗೆ ಹೋಗೋ ದಾರೀಲಿ, ಮೆದುಳಿನ ನಡುಭಾಗದ ಥಲಾಮಸ್‌ನಲ್ಲಿ ಒಂದು ಸ್ಟೇಷನ್ ಇದೆ, ಅಲ್ಲಿ ಒಂದೊಂದು ಕಣ್ಣಿಗೆ ಬೇರೆಬೇರೆ ಪದರ, ಮುಚ್ಚಿದ ಕಣ್ಣಿನ ಪದರದ ಕೋಶಗಳು ಗಾತ್ರದಲ್ಲಿ ಕುಗ್ಗಿದ್ವು, ಆದ್ರೂ ಬೆಳಕಿಗೆ ಉತ್ತರ ಕೊಡ್ತಿದ್ವು. ಅಲ್ಲಿಂದ ಮುಂದೆ ಕಾರ್ಟೆಕ್ಸ್ ಬಾಗಿಲಲ್ಲೇ ತೊಂದರೆ. ರೆಪ್ಪೆ ಹೊಲಿಯೋ ಬದಲು ಬೆಳಕು ಬರೋ ಹಾಗೆ, ಆದ್ರೆ ಆಕಾರ ಕಾಣದ ಹಾಗೆ ಮಸುಕು ಪರದೆ ಇಟ್ರೂ ಇದೇ ರಿಸಲ್ಟ್. ಅಂದ್ರೆ ಬೆಳಕಿಲ್ಲದ್ದಕ್ಕಿಂತ ಚಿತ್ರ ಇಲ್ಲದ್ದೇ ಮುಖ್ಯ ಕಾರಣ. "ಮರಿ ಕಣ್ಣು ಅರ್ಧ ಬಿಟ್ಟಿತ್ತು ಸಾರ್, ಮಂಜುಮಂಜಾಗಿತ್ತು ಅಷ್ಟೇ" ಅಂತ ಸಮಾಧಾನ ಮಾಡ್ಕೊಳೋರಿಗೆ ಇದನ್ನ ಹೇಳ್ಬೇಕಾಗತ್ತೆ.

ಇಲ್ಲಿಗೆ ಯಾರಾದ್ರೂ ಅಂದ್ಕೊಳೋದು ಏನು, ಉಪಯೋಗಿಸದೇ ಇದ್ದಿದ್ದಕ್ಕೆ ತುಕ್ಕು ಹಿಡೀತು ಅಂತ. ಹ್ಯೂಬೆಲ್, ವೀಸೆಲ್ ಕೂಡ ಹಾಗೇ ಅಂದ್ಕೊಂಡಿದ್ರು. ಹಾಗಿದ್ರೆ ಎರಡೂ ಕಣ್ಣು ಮುಚ್ಚಿದ್ರೆ ಕಾರ್ಟೆಕ್ಸ್ ಪೂರ್ತಿ ಸತ್ತಂಗಿರ್ಬೇಕಲ್ವಾ? ಎರಡೂ ಮುಚ್ಚಿ ನೋಡಿದ್ರು, 1965ರಲ್ಲಿ ಬರೆದ್ರು, ಅರ್ಧಕ್ಕಿಂತ ಜಾಸ್ತಿ ಕೋಶಗಳು ಇನ್ನೂ ಉತ್ತರ ಕೊಡ್ತಿದ್ವು! ಕೆಲವು ಸರಿಯಾಗಿ, ಕೆಲವು ಅಡ್ಡಾದಿಡ್ಡಿ, ಆದ್ರೆ ಎರಡೂ ಕಣ್ಣಿನ ದಾರಿ ಉಳ್ಕೊಂಡಿತ್ತು. ಮರಿಗಳ ನಡವಳಿಕೆಯಲ್ಲಿ ನೋಟ ಚೆನ್ನಾಗಿತ್ತು ಅಂತಲ್ಲ, ಅದು ಕೆಟ್ಟದಾಗೇ ಇತ್ತು, ಆದ್ರೆ ಕಾರ್ಟೆಕ್ಸ್ ಲೆಕ್ಕದಲ್ಲಿ ಎರಡು ಕಣ್ಣು ಮುಚ್ಚೋದಕ್ಕಿಂತ ಒಂದು ಕಣ್ಣು ಮುಚ್ಚೋದೇ ಆ ಕಣ್ಣಿಗೆ ಹೆಚ್ಚು ಹಾನಿ.

ಯಾಕಂದ್ರೆ ಇದು ಜಮೀನು ಒತ್ತುವರಿ ಥರ. ಅಕ್ಕಪಕ್ಕದ ಇಬ್ಬರೂ ಊರಲ್ಲಿಲ್ಲ ಅಂದ್ರೆ ಬದು ಎಲ್ಲಿತ್ತೋ ಅಲ್ಲೇ ಇರತ್ತೆ, ಒಬ್ಬ ಊರಲ್ಲಿದ್ದು ಇನ್ನೊಬ್ಬ ಇಲ್ಲ ಅಂದ್ರೆ ವರ್ಷ ತುಂಬೋದ್ರೊಳಗೆ ಬದು ಸರಿದಿರತ್ತೆ. ಕಾರ್ಟೆಕ್ಸ್‌ನಲ್ಲಿ ಬದು ನಿಜವಾಗ್ಲೂ ಇದೆ. ಕೋತಿಗಳ ಕಾರ್ಟೆಕ್ಸ್‌ನಲ್ಲಿ ಎಡಗಣ್ಣಿನ ಪಟ್ಟೆ, ಬಲಗಣ್ಣಿನ ಪಟ್ಟೆ ಹೀಗೆ ಒಂದಾದ ಮೇಲೊಂದು ಬರತ್ತೆ, ಒಂದೊಂದು ಪಟ್ಟೆ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಕಮ್ಮಿ ಅಗಲ. ಹುಟ್ಟಿದ ಹೊಸದರಲ್ಲಿ ಒಂದು ಕಣ್ಣು ಮುಚ್ಚಿಟ್ಟ ಕೋತಿಯಲ್ಲಿ ಆ ಕಣ್ಣಿನ ಪಟ್ಟೆಗಳು ದಾರದ ಹಾಗೆ ಸಣ್ಣ ಆಗಿ, ಇನ್ನೊಂದು ಕಣ್ಣಿನ ಪಟ್ಟೆಗಳು ಅಷ್ಟೇ ದಪ್ಪ ಆಗಿದ್ದನ್ನ 1970ರ ದಶಕದಲ್ಲಿ ಸೈಮನ್ ಲೆವೇ ಜೊತೆ ಸೇರಿ ಇವರು ಬಣ್ಣಿಸಿದ್ದಾರೆ.

ಒತ್ತುವರಿಗೆ ನನಗೆ ತುಂಬಾ ಇಷ್ಟವಾದ ಸಾಕ್ಷಿ ಬೇರೆ ಒಬ್ಬರದ್ದು, ರೇ ಗಿಲ್ಲೆರಿ ಅನ್ನೋರು 1972ರಲ್ಲಿ ತೋರಿಸಿದ್ದು. ಮರಿಯ ಒಂದು ಕಣ್ಣು ಮುಚ್ಚಿದ್ರು, ತೆರೆದ ಕಣ್ಣಿನ ರೆಟಿನಾದಲ್ಲೂ ಒಂದು ಚಿಕ್ಕ ಜಾಗವನ್ನ ಹಾಳು ಮಾಡಿದ್ರು. ಆಮೇಲೆ ಥಲಾಮಸ್ ನೋಡಿದ್ರೆ ಮುಚ್ಚಿದ ಕಣ್ಣಿನ ಕೋಶಗಳೆಲ್ಲ ಕುಗ್ಗಿವೆ, ಆ ಹಾಳಾದ ಜಾಗಕ್ಕೆ ಸರಿಯಾಗಿ ಎದುರು ಬರೋ ಕೋಶಗಳು ಮಾತ್ರ ಮಾಮೂಲಿ ಗಾತ್ರಕ್ಕೆ ಬೆಳೆದಿವೆ! ಅದೇ ಮುಚ್ಚಿದ ಕಣ್ಣು, ಅದೇ ಕತ್ತಲೆ, ಎದುರಾಳಿ ಇಲ್ಲದ ಕಡೆ ಮಾತ್ರ ಬಚಾವ್. ಉಪಯೋಗಿಸದೇ ಇದ್ದಿದ್ದಕ್ಕೆ ಸೊರಗಿದ್ದು ಅಂತ ಇದನ್ನ ವಿವರಿಸೋಕೆ ಆಗಲ್ಲ.

ಮೆಳ್ಳೆಗಣ್ಣಿನದ್ದು ಇದರದ್ದೇ ಇನ್ನೊಂದು ರೂಪ. ಮರಿಯ ಒಂದು ಕಣ್ಣಿನ ಸ್ನಾಯು ಕತ್ತರಿಸಿ ಕಣ್ಣು ಹೊರಗಡೆ ತಿರುಗೋ ಹಾಗೆ ಮಾಡಿದ್ರೆ ಎರಡೂ ಕಣ್ಣಿಗೂ ಚಿತ್ರ ಸಿಗತ್ತೆ, ಆದ್ರೆ ಒಂದೇ ಚಿತ್ರ ಒಟ್ಟಿಗೆ ಸಿಗಲ್ಲ. ಆಗ ಎರಡೂ ಕಣ್ಣಿನ ಮಾತು ಕೇಳೋ ಕೋಶಗಳು 80 ಪರ್ಸೆಂಟ್‌ನಿಂದ 20ರ ಆಸುಪಾಸಿಗೆ ಬಿದ್ದುಹೋದ್ವು. ಜೊತೆಜೊತೆಗೆ ಮಿಡಿಯೋ ನರತಂತುಗಳು ಒಂದೇ ಕೋಶದಲ್ಲಿ ಉಳೀತವೆ, ತಾಳ ತಪ್ಪಿದ್ರೆ ಬೇರೆ ಆಗ್ತವೆ. ಆಳ ಗೊತ್ತಾಗೋ ನೋಟಕ್ಕೆ ಬೇಕಾಗಿರೋದು ಆ ಎರಡೂ ಕಣ್ಣಿನ ಕೋಶಗಳೇ, ಹಾಗಾಗಿ ಮೆಳ್ಳೆಗಣ್ಣು ಬರೀ ಚೆಂದದ ಪ್ರಶ್ನೆ ಅಲ್ಲ, ಮದುವೆ ಹೊತ್ತಿಗೆ ಸರಿ ಮಾಡ್ಸಿದ್ರಾಯ್ತು ಅನ್ನೋ ಮಾತು ದಯವಿಟ್ಟು ಬಿಡಿ.

ಈಗ ಟೈಮಿಂಗ್. ನಿಮ್ಮ ಮರಿಯ ದುರದೃಷ್ಟ ಇರೋದು ಇಲ್ಲೇ. 1970ರಲ್ಲಿ ಇದೇ ಜೋಡಿ ಯಾವ ವಯಸ್ಸಲ್ಲಿ ಎಷ್ಟು ದಿನ ಮುಚ್ಚಿದ್ರೆ ಏನಾಗತ್ತೆ ಅಂತ ಕೂತು ಲೆಕ್ಕ ಹಾಕಿದ್ರು. ಬೆಕ್ಕಿನ ಮರಿ ಕಣ್ಣು ಬಿಡೋದು 7ರಿಂದ 10 ದಿನಕ್ಕೆ. ಮೊದಲ ಮೂರು ವಾರ ಮುಚ್ಚಿದ್ರೆ ಹೇಳಿಕೊಳ್ಳೋ ಹಾನಿ ಇಲ್ಲ. ನಾಲ್ಕನೇ ವಾರ ಶುರುವಾಗ್ತಿದ್ದ ಹಾಗೆ ಅಪಾಯ ದಿಢೀರ್ ಅಂತ ಏರತ್ತೆ, ನಾಲ್ಕನೇ ಐದನೇ ವಾರದಲ್ಲಂತೂ ಬರೀ 3–4 ದಿನ ಮುಚ್ಚಿದ್ರೂ ಕಾರ್ಟೆಕ್ಸ್‌ನಲ್ಲಿ ಆ ಕಣ್ಣಿನ ಪಾಲು ಜೋರಾಗಿ ಇಳಿಯತ್ತೆ. ಆರರಿಂದ ಎಂಟನೇ ವಾರದ ನಡುವೆ ಇಳಿಮುಖ, ಮೂರು ತಿಂಗಳ ಕೊನೆಗೆ ಹೀಗೆ ಬದಲಾಗೋ ಕಾಲದ ಬಾಗಿಲು ಹೆಚ್ಚುಕಡಿಮೆ ಹಾಕಿದ ಹಾಗೆ. ದೊಡ್ಡ ಬೆಕ್ಕಿನ ಕಣ್ಣು ತಿಂಗಳುಗಟ್ಟಲೆ ಮುಚ್ಚಿಟ್ರೂ ಏನೂ ಆಗಲ್ಲ. ಎರಡನೇ ವಾರದಲ್ಲಿ ರೆಪ್ಪೆ ಅಂಟ್ಕೊಂಡು ಬೇಗ ಬಿಟ್ಟ ಮರಿಗಳು ಚೆನ್ನಾಗೇ ಇರೋದು ಇದಕ್ಕೇ, ನಿಮ್ಮದಕ್ಕೆ ಬಂದಿದ್ದು ಸರಿಯಾಗಿ ನಾಲ್ಕರಿಂದ ಏಳು.

ಇಲಿಮರಿಗೆ ಇದೇ ಕಾಲ ನಾಲ್ಕನೇ ವಾರದ ಆಚೀಚೆ. ಕೋತಿಗೆ ಹುಟ್ಟಿದ ತಕ್ಷಣ ಶುರುವಾಗಿ ಮೊದಲ ಕೆಲವು ವಾರ ಜೋರು, ಪೂರ್ತಿ ಮುಗಿಯೋಕೆ ಮಾತ್ರ ತುಂಬಾ ಸಮಯ. ಮನುಷ್ಯರಿಗೆ ವರ್ಷಗಳ ಲೆಕ್ಕ.

ಈ ಬಾಗಿಲು ತೆಗೆಯೋದು ಮುಚ್ಚೋದು ಯಾರು ಅಂತ ಕೇಳಬಹುದು. ಮುಚ್ಚಿದ ಕಣ್ಣಿನ ಸಿಗ್ನಲ್ ದುರ್ಬಲ, ತಾಳ ಇಲ್ಲದ್ದು, ಅದರ ಸಿನಾಪ್ಸ್‌ಗಳು, ಅಂದ್ರೆ ಕೋಶ ಕೋಶಗಳ ನಡುವಿನ ಕೊಂಡಿಗಳು, ಮೊದಲು ಬಲ ಕಳ್ಕೊಳ್ತವೆ, ಆಮೇಲೆ ತಂತುಗಳ ಕವಲುಗಳೇ ಹಿಂದೆ ಸರೀತವೆ. ಆಂಟೊನೀನಿ ಮತ್ತೆ ಸ್ಟ್ರೈಕರ್ 1993ರಲ್ಲಿ ತೋರಿಸಿದ ಹಾಗೆ ಬೆಕ್ಕಿನ ಮರಿಯಲ್ಲಿ ಒಂದು ವಾರ ಸಾಕು ಕವಲು ಬೋಳಾಗೋಕೆ. ಇಷ್ಟೆಲ್ಲ ನಡಿಯೋಕೆ ಕಾರ್ಟೆಕ್ಸ್‌ನಲ್ಲಿ ತಡೆ ಹಾಕೋ ಕೋಶಗಳು, ಅಂದ್ರೆ ಗಾಬಾ ಅನ್ನೋ ರಾಸಾಯನಿಕ ಬಿಡೋವು, ಸ್ವಲ್ಪ ಬಲಿತಿರ್ಬೇಕು. ಟಕಾವೋ ಹೆನ್ಷ್ ತಂಡ 1998ರಲ್ಲಿ ಗಾಬಾ ಕಮ್ಮಿ ಇರೋ ಹಾಗೆ ಮಾಡಿದ ಇಲಿಗಳಲ್ಲಿ ಕಣ್ಣು ಮುಚ್ಚಿದ್ರೂ ಒತ್ತುವರಿ ಆಗದೇ ಇದ್ದದ್ದನ್ನ ನೋಡಿದ್ರು, ಅದೇ ಇಲಿಗೆ ಡಯಾಜೆಪಾಮ್ ಕೊಟ್ರೆ ಒತ್ತುವರಿ ಆಯ್ತು! ಹೌದು, ನಿದ್ದೆ ಮಾತ್ರೆ ಅಂತ ಕರೀತಾರಲ್ಲ, ಅದೇ. ಆಮೇಲೆ ಆ ಕೋಶಗಳ ಸುತ್ತ ಒಂದು ಬಲೆ ಥರದ ಗಟ್ಟಿ ವಸ್ತು ಕಟ್ಕೊಳತ್ತೆ, ಬಾಗಿಲು ಮುಚ್ಚೋದ್ರಲ್ಲಿ ಅದಕ್ಕೂ ಪಾಲಿದೆ, 2002ರಲ್ಲಿ ಇಟಲಿಯವರು ದೊಡ್ಡ ಇಲಿಗಳಲ್ಲಿ ಎಂಜೈಮ್ ಹಾಕಿ ಆ ಬಲೆ ಕರಗಿಸಿದಾಗ ಬಾಗಿಲು ಮತ್ತೆ ಸ್ವಲ್ಪ ತೆಗೀತು. ಹುಟ್ಟಿನಿಂದ ಪೂರ್ತಿ ಕತ್ತಲೆಯಲ್ಲಿ ಬೆಳೆಸಿದ ಮರಿಗೆ ಬಾಗಿಲು ಮುಚ್ಚೋದೇ ತಡ ಆಗತ್ತೆ, ಅಂದ್ರೆ ಬರೀ ವಯಸ್ಸಿನ ಲೆಕ್ಕ ಅಲ್ಲ ಇದು, ಅನುಭವವೂ ಸೇರಿ ಮುಚ್ಚೋದು.

ಇಂಥ ಪ್ರಯೋಗಗಳನ್ನ ಓದೋವಾಗ ಹೊಟ್ಟೆ ಚುರ್ ಅನ್ನತ್ತೆ, ನನಗೂ ಅನ್ನತ್ತೆ. 1970ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಕಾಲಿನ್ ಬ್ಲೇಕ್‌ಮೋರ್ ಮತ್ತೆ ಗ್ರಹಾಂ ಕೂಪರ್ ಮರಿಗಳನ್ನ ಬರೀ ನೆಟ್ಟನೆ ಗೆರೆ ಅಥವಾ ಬರೀ ಅಡ್ಡ ಗೆರೆ ಇರೋ ಸಿಲಿಂಡರ್ ಒಳಗೆ ದಿನಾ 5 ಗಂಟೆ ಬಿಟ್ಟು ಉಳಿದ ಹೊತ್ತು ಕತ್ತಲಲ್ಲಿ ಇಟ್ಟಿದ್ರು, ತನ್ನ ಮೈಯೇ ಕಾಣದ ಹಾಗೆ ಕುತ್ತಿಗೆಗೆ ಕಪ್ಪು ಕಾಲರ್. ಅಡ್ಡ ಗೆರೆಯಲ್ಲಿ ಬೆಳೆದ ಮರಿಯ ಮುಂದೆ ಕೋಲನ್ನ ನೆಟ್ಟಗೆ ಹಿಡಿದು ಆಡ್ಸಿದ್ರೆ ಅದಕ್ಕೆ ಲಕ್ಷ್ಯವೇ ಇಲ್ಲ, ಅದೇ ಕೋಲು ಅಡ್ಡ ಹಿಡಿದ್ರೆ ಆಟಕ್ಕೆ ಬರತ್ತೆ. ಬ್ಲೇಕ್‌ಮೋರ್ ಅವರಿಗೆ ಮುಂದೆ ಪ್ರಾಣಿದಯೆಯ ಹೆಸರಲ್ಲಿ ವರ್ಷಗಟ್ಟಲೆ ಬೆದರಿಕೆ ಬಂತು, ಮನೆಗೆ ಬಾಂಬ್ ಪಾರ್ಸೆಲ್ ಕೂಡ. ನನ್ನ ಅಭಿಪ್ರಾಯ ಕೇಳಿದ್ರೆ, ಬೆದರಿಕೆ ತಪ್ಪು, ಹಾಗಂತ ಪ್ರಶ್ನೆ ತಪ್ಪಲ್ಲ. ಅವತ್ತಿನ ರೆಪ್ಪೆ ಹೊಲಿಗೆಯ ಪ್ರಯೋಗಗಳಿಂದ ಮಕ್ಕಳ ಪೊರೆ ಆಪರೇಷನ್ ವಯಸ್ಸು ವರ್ಷಗಳಿಂದ ವಾರಗಳಿಗೆ ಇಳೀತು, ಅದರ ಬೆಲೆ ನಾನು ಒಪ್ತೀನಿ, ಆದ್ರೆ ಅದೇ ಪ್ರಯೋಗವನ್ನ ಇವತ್ತು ಸುಮ್ನೆ ಇನ್ನೊಂದ್ಸಲ ಮಾಡೋಕೆ ಕಾರಣ ಕಾಣಲ್ಲ. ಹ್ಯೂಬೆಲ್, ವೀಸೆಲ್‌ಗೆ 1981ರಲ್ಲಿ ನೊಬೆಲ್ ಬಂತು, ರೋಜರ್ ಸ್ಪೆರಿ ಜೊತೆ ಹಂಚ್ಕೊಂಡ್ರು.

ನಿಮ್ಮ ಮರಿಗೆ ಬರೋಣ. ಎಡಗಣ್ಣು ಮುಚ್ಚಿ ಬಲಗಣ್ಣನ್ನ ದುಡಿಸಬಹುದಾ ಅಂತ ನಿಮಗೆ ಅನ್ಸಿರತ್ತೆ. ಬ್ಲೇಕ್‌ಮೋರ್ ಮತ್ತೆ ವ್ಯಾನ್ ಸ್ಲೈಟರ್ಸ್ 1974ರಲ್ಲಿ ಅದನ್ನೇ ನೋಡಿದ್ರು, ಮುಚ್ಚಿದ ಕಣ್ಣು ಬಿಚ್ಚಿ ಒಳ್ಳೆ ಕಣ್ಣು ಮುಚ್ಚಿದ್ರು. ಐದನೇ ವಾರದಲ್ಲಿ ಅದಲುಬದಲು ಮಾಡಿದ್ರೆ ಕಾರ್ಟೆಕ್ಸ್ ಪೂರ್ತಿ ಮೊದಲು ಮುಚ್ಚಿದ್ದ ಕಣ್ಣಿನ ಕಡೆಗೆ ತಿರುಗ್ತು, ಹದಿನಾಲ್ಕನೇ ವಾರದಲ್ಲಿ ಮಾಡಿದ್ರೆ ಏನೂ ಆಗ್ಲಿಲ್ಲ. ನಿಮ್ಮದು ಈಗ ಹದಿನಾಲ್ಕು ದಾಟಿದೆ, ಹಾಗಾಗಿ ಮರಿಯ ಮುಖಕ್ಕೆ ಬಟ್ಟೆ ಕಟ್ಟಿ ಅದರಿಂದ ಪರಚಿಸ್ಕೊಳೋದು ಬೇಡ. ಸಮಾಧಾನದ ವಿಷಯ ಅಂದ್ರೆ ಏಳನೇ ವಾರದಲ್ಲಿ ಕಣ್ಣು ಬಿಟ್ಟಿದೆ, ಬಾಗಿಲು ಆಗಿನ್ನೂ ಪೂರ್ತಿ ಮುಚ್ಚಿರ್ಲಿಲ್ಲ, ಹಾಗಾಗಿ ಸ್ವಲ್ಪ ನೋಟ ವಾಪಸ್ ಬಂದಿರೋ ಸಾಧ್ಯತೆ ಚೆನ್ನಾಗಿದೆ. ಪರೀಕ್ಷೆ ಮಾಡ್ಬೇಕು ಅಂದ್ರೆ ಕೈ ಬೀಸಿ ನೋಡ್ಬೇಡಿ, ಗಾಳಿ ಮೀಸೆಗೆ ತಾಗಿದ್ರೆ ಕಣ್ಣು ಮಿಟುಕಿಸತ್ತೆ, ನೀವು ಕಾಣ್ತು ಅಂದ್ಕೊಳ್ತೀರ. ಎಡಗಣ್ಣು ಕೈಯಲ್ಲಿ ಮುಚ್ಚಿ ಒಂದು ಹತ್ತಿ ಉಂಡೆಯನ್ನ ಅದರ ಮುಖದ ಎದುರು, ಒಂದೆರಡು ಅಡಿ ದೂರದಲ್ಲಿ ಮೇಲಿಂದ ಬೀಳ್ಸಿ, ಹತ್ತಿಗೆ ಸದ್ದೂ ಇಲ್ಲ ವಾಸನೆಯೂ ಇಲ್ಲ, ತಲೆ ಅದರ ಜೊತೆ ಇಳಿದ್ರೆ ಕಾಣ್ತಿದೆ ಅಂತ ಅರ್ಥ. ಒಂದು ಸಲ ಡಾಕ್ಟರ್ ಹತ್ರ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮೇಲೆ ಕಲೆ, ಒಳ ರೆಪ್ಪೆ ಅಂಟಿರೋದು, ರೆಟಿನಾ ಇವನ್ನ ತೋರಿಸಿಬಿಡಿ, ಬೆಕ್ಕಿನ ಶೀತದಲ್ಲಿ ಅವೂ ಆಗ್ತವೆ, ಎಲ್ಲ ತಪ್ಪನ್ನೂ ಮೆದುಳಿನ ಮೇಲೆ ಹಾಕೋದು ಬೇಡ.

2013ರಲ್ಲಿ ಕೆನಡಾದ ಕೆವಿನ್ ಡಫಿ ಮತ್ತೆ ಡೊನಾಲ್ಡ್ ಮಿಚೆಲ್ ಒಂದು ವಾರ ಕಣ್ಣು ಮುಚ್ಚಿದ್ದ ಮರಿಗಳನ್ನ ಕೆಲವು ವಾರ ಬಿಟ್ಟು 10 ದಿನ ಪೂರ್ತಿ ಕತ್ತಲಲ್ಲಿ ಇಟ್ಟು ಹೊರಗೆ ಬಿಟ್ರೆ ಒಂದು ವಾರದೊಳಗೆ ನೋಟ ಮಾಮೂಲಿಗೆ ಬಂತು ಅಂತ ತೋರಿಸಿದ್ದಾರೆ. ಇದನ್ನ ಯೂಟ್ಯೂಬ್‌ನಲ್ಲಿ ನೋಡಿ ಮರಿಯನ್ನ ಸ್ಟೋರ್ ರೂಮಲ್ಲಿ ಕೂಡಿ ಹಾಕ್ಬೇಡಿ. ಅವರದ್ದು ಒಂದು ಎಳೆ ಬೆಳಕೂ ಬರದ ಲ್ಯಾಬ್ ಕತ್ತಲೆ, ಕಣ್ಣು ಮುಚ್ಚಿದ್ದೂ ಒಂದೇ ವಾರ, ನಿಮ್ಮದು ಮೂರು ವಾರ. ಒಂದೇ ಕಣ್ಣಿನ ಬೆಕ್ಕು ಇಲಿ ಹಿಡಿಯತ್ತೆ, ಗೋಡೆ ಹತ್ತತ್ತೆ, ಎತ್ತರದಿಂದ ಹಾರೋವಾಗ ಅಂದಾಜು ಮಾತ್ರ ಆಗಾಗ ತಪ್ಪತ್ತೆ. ರಸ್ತೆ ಪಕ್ಕದ ಮನೆ ಆದ್ರೆ ಹೊರಗೆ ಬಿಡೋದು ಕಮ್ಮಿ ಮಾಡಿ.

ಅಕ್ಕನ ಮಗನ ವಿಷಯದಲ್ಲಿ ನಾನು ಡಾಕ್ಟರ್ ಪಕ್ಷ. ಐದು ವರ್ಷ ಅಂದ್ರೆ ಬಾಗಿಲು ಇನ್ನೂ ತೆಗೆದೇ ಇದೆ. ಮಂದ ಕಣ್ಣಿಗೆ ಕನ್ನಡಕ ಬೇಕಾಗಿದ್ರೆ ಮೊದಲು ಕನ್ನಡಕ, ಚಿತ್ರ ಸ್ಪಷ್ಟ ಆಗದೇ ಪ್ಯಾಚ್ ಹಾಕಿ ಪ್ರಯೋಜನ ಇಲ್ಲ. ಆಮೇಲೆ ಒಳ್ಳೆ ಕಣ್ಣಿಗೆ ಪ್ಯಾಚ್, ಅಂದ್ರೆ ಒತ್ತುವರಿ ಮಾಡ್ಕೊಂಡವರನ್ನ ದಿನಾ ಸ್ವಲ್ಪ ಹೊತ್ತು ಊರಿಂದ ಹೊರಗೆ ಕಳ್ಸೋದು. ಅಜ್ಜಿಗೆ ಹೇಳಿ, ದಿನ ಪೂರ್ತಿ ಕಟ್ಟೋದಲ್ಲ. ಅಮೆರಿಕದ ಮಕ್ಕಳ ಕಣ್ಣಿನ ಡಾಕ್ಟರುಗಳ ತಂಡ 2003ರಲ್ಲಿ ಮಧ್ಯಮ ಮಟ್ಟದ ಲೇಜಿ ಐ, ಅಂದ್ರೆ ಇಂಥ ಮಂದಗಣ್ಣು, ಇರೋ ಮಕ್ಕಳಲ್ಲಿ ದಿನಕ್ಕೆ 2 ಗಂಟೆ ಪ್ಯಾಚ್‌ಗೂ 6 ಗಂಟೆ ಪ್ಯಾಚ್‌ಗೂ ಫಲ ಒಂದೇ ಅಂತ ತೋರಿಸ್ತು. ಪ್ಯಾಚ್ ಕಿತ್ತು ಬಿಸಾಡೋ ಮಕ್ಕಳಿಗೆ ಒಳ್ಳೆ ಕಣ್ಣಿಗೆ ಅಟ್ರೋಪಿನ್ ಹನಿ ಹಾಕಿ ಮಸುಕು ಮಾಡೋ ದಾರಿಯೂ ಇದೆ, ಅದನ್ನ ಡಾಕ್ಟರ್ ಹತ್ರ ಕೇಳಿ. ಆದ್ರೆ ಅವರು ಹೇಳಿದ್ದಕ್ಕಿಂತ ಜಾಸ್ತಿ ಹೊತ್ತು ಹಾಕೋದು ಬೇಡ, ಕರೆದ ದಿನ ಚೆಕಪ್‌ಗೆ ತಪ್ಪಿಸ್ಬೇಡಿ, ಮರಿಗಳಲ್ಲಿ ನೋಡಿದ ಹಾಗೇ ಒಳ್ಳೆ ಕಣ್ಣೇ ಹಿಂದೆ ಬೀಳಬಹುದು.

ಎಂಟು ವರ್ಷ ದಾಟಿದ್ರೆ ಎಲ್ಲ ಮುಗೀತು ಅನ್ನೋ ಮಾತೂ ಪೂರ್ತಿ ನಿಜ ಅಲ್ಲ, ಮುಂಚೆ ಚಿಕಿತ್ಸೆ ಆಗದೇ ಇದ್ದ ಹದಿಹರೆಯದವರಲ್ಲಿ ಕೆಲವರಿಗೆ ಪ್ಯಾಚ್‌ನಿಂದ ಅನುಕೂಲ ಆಗಿದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪವನ್ ಸಿನ್ಹಾ ದೆಹಲಿಯಲ್ಲಿ ನಡೆಸೋ ಪ್ರಾಜೆಕ್ಟ್ ಪ್ರಕಾಶ್‌ನಲ್ಲಿ ಹುಟ್ಟಿನಿಂದ ಎರಡೂ ಕಣ್ಣಿಗೆ ಪೊರೆ ಇದ್ದು ಎಂಟರಿಂದ ಹದಿನೇಳರ ವಯಸ್ಸಲ್ಲಿ ಆಪರೇಷನ್ ಆದ ಮಕ್ಕಳಿದ್ದಾರೆ. ಕೈಯಲ್ಲಿ ಮುಟ್ಟಿ ನೋಡಿದ ಆಟದ ಬ್ಲಾಕ್ ಯಾವುದು ಅಂತ ಬ್ಯಾಂಡೇಜ್ ಬಿಚ್ಚಿದ ಹೊಸದರಲ್ಲಿ ಕಣ್ಣಿಂದ ಗುರುತಿಸೋಕೆ ಅವರಿಗೆ ಆಗ್ಲಿಲ್ಲ, ಕೆಲವೇ ದಿನದಲ್ಲಿ ಆಯ್ತು. 2011ರಲ್ಲಿ ಪ್ರಕಟ ಆಗಿದೆ. ಅವರ ನೋಟದ ಸೂಕ್ಷ್ಮತೆ ನಮ್ಮಷ್ಟು ಬರಲ್ಲ, ಆದ್ರೆ ಬದುಕಿಗೆ ಬೇಕಾದಷ್ಟು ಕಲೀತಾರೆ. ಎರಡೂ ಕಣ್ಣಿಗೆ ಸಮನಾಗಿ ಕತ್ತಲೆ ಇದ್ದಿದ್ದಕ್ಕೆ ಒಬ್ಬರ ಜಾಗ ಇನ್ನೊಬ್ಬರು ನುಂಗದೇ ಉಳೀತೇನೋ ಅಂತ ನನ್ನ ಊಹೆ. ಒಂದೇ ಕಣ್ಣಿಗೆ ಹುಟ್ಟುಪೊರೆ ಇದ್ರಂತೂ ಮೊದಲ ಆರರಿಂದ ಎಂಟು ವಾರದೊಳಗೆ ತೆಗೆಸ್ಬೇಕು, ಫೋಟೋದಲ್ಲಿ ಮಗುವಿನ ಒಂದು ಪಾಪೆ ಬೆಳ್ಳಗೆ ಕಂಡ್ರೆ ನಾಳೆ ಅನ್ನದೇ ತೋರಿಸಿ.

ಇನ್ನು ನಿಮ್ಮ ತಾಯಿ ಬೆಕ್ಕು ಮತ್ತೆ ಮರಿ ಹಾಕಿದಾಗ ಹತ್ತು ದಿನ ಆದ ಮೇಲೆ ದಿನಾ ಒಂದ್ಸಲ ಎಲ್ಲ ಮರಿಗಳ ಕಣ್ಣು ನೋಡಿ. ರೆಪ್ಪೆ ಒಳಗೆ ಉಬ್ಬಿದ್ರೆ, ಮೂಲೆಯಲ್ಲಿ ಹಳದಿ ಪಿಸುರು ಬಂದ್ರೆ, ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಒಂದೆರಡು ನಿಮಿಷ ಇಟ್ಟು ಮೂಗಿನ ಕಡೆಯಿಂದ ಹೊರಗೆ ಮೆತ್ತಗೆ ಒರಸಿ, ಉಗುರಿಂದ ಬಿಡಿಸೋಕೆ ಹೋಗ್ಬೇಡಿ, ಅದೇ ದಿನ ಡಾಕ್ಟರ್‌ಗೆ ತೋರಿಸಿ ಮುಲಾಮು ಬರೆಸ್ಕೊಳಿ. ಮನೇಲಿ ಉಳಿದಿರೋ ಮನುಷ್ಯರ ಕಣ್ಣಿನ ಡ್ರಾಪ್ಸ್ ಹಾಕೋದಂತೂ ಬೇಡವೇ ಬೇಡ, ಅದರಲ್ಲಿ ಸ್ಟೀರಾಯ್ಡ್ ಇದ್ರೆ, ಮರಿಗಳಲ್ಲಿ ಈ ಕಾಯಿಲೆ ತರೋದು ಹೆಚ್ಚಾಗಿ ಹರ್ಪಿಸ್ ವೈರಸ್ ಆಗಿರೋದ್ರಿಂದ, ಕಾರ್ನಿಯಾದ ಹುಣ್ಣು ಇನ್ನೂ ಆಳ ಆಗತ್ತೆ.